ಸ್ಪ್ರೇ ಪೇಂಟ್ ಕ್ಯಾನ್ ಇಡೋಕೆ ತಗೊಂಡ ಗೋಡೆ ರಾಕ್, ಒಂದು ಬೇಸಿಗೆ ಒಂದು ಮಳೆಗಾಲ ಕಳೆದ ಮೇಲೆ

ನಮ್ಮದು ದಾವಣಗೆರೆ, ಮನೆ ಹಿಂದೆ ಶೀಟ್ ಹಾಕಿದ ಚಿಕ್ಕ ಶೆಡ್ಡು, ಭಾನುವಾರ ಬಂತಂದ್ರೆ ಅಲ್ಲಿ ಹಳೇ ಸ್ಕೂಟರ್ ಬಿಚ್ಕೊಂಡು ಕೂರೋದೇ ಕೆಲ್ಸ. ಒಂದೊಂದೇ ಅಂತ ತಂದ ಸ್ಪ್ರೇ ಪೇಂಟ್ ಕ್ಯಾನು ಇಪ್ಪತ್ತೆರಡಾಗಿದ್ವು, ಎಲ್ಲಾ ಒಂದು ಟೊಮ್ಯಾಟೊ ಕ್ರೇಟ್‌ನಲ್ಲಿ ಅಡ್ಡಾದಿಡ್ಡಿ ಬಿದ್ದಿರ್ತಿದ್ವು, ಬೇಕಾದ್ದು ಕೈಗೆ ಸಿಗಲ್ಲ ಅಂತ ಮತ್ತೆ ಅದನ್ನೇ ತರೋದು, ಹೀಗಾಗಿ ಗ್ರೇ ಪ್ರೈಮರ್ ಒಂದೇ ಐದು ಸೇರಿತ್ತು. ಕೊನೆಗೆ ಫೆಬ್ರವರಿಲಿ ಆನ್‌ಲೈನ್‌ನಲ್ಲಿ ಈ ಕಬ್ಬಿಣದ ರಾಕ್ ತರಿಸಿದೆ. ಮೂರು ಅಂತಸ್ತು, 24 ಕ್ಯಾನ್, 1,850 ರೂಪಾಯಿ.

ಮೊದ್ಲು ಒಳ್ಳೇದು ಹೇಳ್ತೀನಿ. ಕ್ಯಾನು ನೆಟ್ಟಗೆ ನಿಲ್ಲುತ್ತೆ. 65 ಎಂಎಂ ಅಗಲದ ಮಾಮೂಲಿ ಕ್ಯಾನು ರಿಂಗ್‌ನೊಳಗೆ ಸರಿಯಾಗಿ ಕೂರುತ್ತೆ, ಚೈನ್ ಲ್ಯೂಬ್‌ನ ಸಣ್ಣ ಕ್ಯಾನು ಮಾತ್ರ ಲೊಡಲೊಡ ಅನ್ನುತ್ತೆ. ಯಾವ ಕಲರ್ ಎಲ್ಲಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ, ಆದ್ರೆ ಮುಚ್ಚಳದ ಬಣ್ಣ ನಂಬಬೇಡಿ, ಪೇಂಟ್ ಅದಕ್ಕಿಂತ ಬೇರೆನೇ ಬರುತ್ತೆ, ನಾನು ಒಂದು ಪೇಪರ್ ಮೇಲೆ ಸ್ವಲ್ಪ ಹೊಡೆದು ಒಣಗಿದ್ಮೇಲೆ ಕತ್ತರಿಸಿ ಮುಚ್ಚಳಕ್ಕೆ ಅಂಟಿಸಿದೀನಿ.

ಜೊತೆಗೆ ಕೊಟ್ಟಿರೋ ಸ್ಕ್ರೂ ಬಗ್ಗೆ ಏನು ಹೇಳೋದು, ಫೋಟೋ ಫ್ರೇಮ್ ನೇತಾಕೋಕೆ ಆಗಬಹುದು ಅಷ್ಟೇ. ತುಂಬಿದ ರಾಕ್ ಎಂಟ್ಹತ್ತು ಕೆಜಿ ತೂಗುತ್ತೆ ಸ್ವಾಮಿ. ಅಂಗಡಿಗೆ ಹೋಗಿ ದಪ್ಪ ಸ್ಕ್ರೂ, ರಾವಲ್ ಪ್ಲಗ್ ತಂದು ಹಾಕಿದೆ.

ನಿಜವಾದ ತಕರಾರು ಅವರು ಹಾಕಿರೋ ಫೋಟೋದ್ದು. ಅದ್ರಲ್ಲಿ ರಾಕ್ ಶೀಟ್‌ಗೆ ತಾಗೋ ಹಾಗೆ ಮೇಲಿದೆ, ಪಕ್ಕದಲ್ಲೇ ವೆಲ್ಡಿಂಗ್ ಮೆಷಿನ್ನು! ನಾನೂ ಮನೇಲಿ ಮಗು ಇದೆ, ಎತ್ತರದಲ್ಲಿದ್ರೆ ಒಳ್ಳೇದು ಅಂತ ಹಂಗೇ ಹೊಡೆದೆ. ಏಪ್ರಿಲ್‌ನಲ್ಲಿ ಒಂದಿನ ಮಧ್ಯಾಹ್ನ ಮೂರು ಗಂಟೆಗೆ ಮೇಲಿನ ಅಂತಸ್ತಿಂದ ಕ್ಯಾನ್ ತೆಗೆದ್ರೆ ಕೈ ಚುರ್ ಅಂತು. ಥರ್ಮಾಮೀಟರ್ ಇಟ್ಟು ನೋಡಿದ್ರೆ 51. ಕ್ಯಾನ್ ಮೇಲೇ ಬರೆದಿರ್ತಾರೆ, 50 ಡಿಗ್ರಿ ದಾಟಬಾರದು ಅಂತ, ನಾವು ಓದಬೇಕಲ್ಲ.

ಒಳಗೆ ಪೇಂಟನ್ನ ತಳ್ಳೋದು ಬಹಳಷ್ಟು ಕ್ಯಾನ್‌ಗಳಲ್ಲಿ ಎಲ್‌ಪಿಜಿನೇ, ಇಲ್ಲಾಂದ್ರೆ ಅದರಂಗೇ ಹೊತ್ಕೊಳ್ಳೋ ಇನ್ನೊಂದು ಗ್ಯಾಸು. ಬಿಸಿ ಏರಿದಂಗೆ ಪ್ರೆಶರ್ ಏರುತ್ತೆ. ಅರ್ಧ ಖಾಲಿ ಆಗಿದೆ ಬಿಡು ಅನ್ನೋರು ಅಡುಗೆ ಸಿಲಿಂಡರ್ ನೆನೆಸ್ಕೊಳ್ಳಿ, ಮುಗಿಯೋಕೆ ಎರಡು ದಿನ ಇದ್ದಾಗ್ಲೂ ಒಲೆ ಜೋರಾಗೇ ಉರಿಯುತ್ತಲ್ಲ, ಒಳಗೆ ಒಂಚೂರು ದ್ರವ ಇರೋವರೆಗೂ ಪ್ರೆಶರ್ ಇಳಿಯಲ್ಲ, ಇಲ್ಲೂ ಅದೇ ಕಥೆ.

ಅವತ್ತೇ ಸಂಜೆ ರಾಕ್ ಕಿತ್ತು ಮನೆ ಕಡೆ ಗೋಡೆಗೆ, ಎದೆ ಎತ್ತರಕ್ಕೆ ಹೊಡೆದೆ. ಮಾರನೇ ದಿನ ಅದೇ ಹೊತ್ತಿಗೆ 38. ಹಂಗಂತ ನೆಲದ ಮೇಲೂ ಬೇಡ, ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ಕೆಳಗೇ ಹರಡ್ಕೊಂಡಿರುತ್ತೆ, ನಮ್ಮ ಶೆಡ್‌ನಲ್ಲಿ ಇನ್ವರ್ಟರ್ ಕೂತಿರೋದೂ ಕೆಳಗೇ. ಗ್ರೈಂಡರ್ ಕಿಡಿ ಬೀಳೋ ಮೂಲೆನೂ ಬೇಡ. ಮಗು ಕೈಗೆ ಸಿಗದಂಗೆ ವೆಲ್ಡಿಂಗ್ ಶಾಪ್‌ನಲ್ಲಿ 600 ರೂಪಾಯಿಗೆ ಜಾಲರಿ ಬಾಗಿಲು ಮಾಡಿಸಿ ಬೀಗ ಹಾಕಿದೆ. ತಗಡಿನ ಬಾಗಿಲು ಹಾಕು ಅಂದ ಅವ್ನು, ಗಾಳಿ ಆಡ್ಲಿ ಅಂತ ಜಾಲರಿನೇ ಹಾಕಿಸಿದೆ. ಕಂಪನಿಯೋರೇ ಇದನ್ನ ಕೊಟ್ಟು ಇನ್ನೈನೂರು ಜಾಸ್ತಿ ತಗೊಂಡಿದ್ರೂ ಕೊಡ್ತಿದ್ದೆ.

ಮಳೆಗಾಲದಲ್ಲಿ ಇನ್ನೊಂದು ತಪ್ಪು ಕಾಣಿಸ್ತು. ಪ್ರತಿ ಅಂತಸ್ತಿನ ತಳ ಸಪಾಟು ತಗಡು, ಸುತ್ತ ಅಂಚು, ಒಂದು ತೂತೂ ಇಲ್ಲ. ಶೀಟಿಂದ ಎರಚಲು ಹೊಡೆದ್ರೆ ನೀರು ಅಲ್ಲೇ ನಿಲ್ಲುತ್ತೆ. ಆಗಸ್ಟ್‌ನಲ್ಲಿ ಎತ್ತಿ ನೋಡಿದ್ರೆ ನಾಲ್ಕು ಕ್ಯಾನ್‌ನ ಬುಡಕ್ಕೆ ತುಕ್ಕು. ಕ್ಯಾನು ತೂತಾಗೋದು ಇಲ್ಲಿಂದನೇ. ತುಕ್ಕು ಜಾಸ್ತಿ ಹಿಡಿದ ಎರಡನ್ನ ಬಯಲಲ್ಲಿ ಹಳೇ ರಟ್ಟಿನ ಮೇಲೆ ಪೂರ್ತಿ ಹೊಡೆದು ಖಾಲಿ ಮಾಡಿದೆ, ಸ್ಸ್ ಅನ್ನೋ ಸದ್ದು ನಿಲ್ಲೋವರೆಗೂ. ಖಾಲಿ ಕ್ಯಾನಿಗೂ ಮೊಳೆ ಹೊಡಿಬೇಡಿ, ಮೂಲೇಲಿ ಕಸ ಸುಡ್ತಾರಲ್ಲ ಆ ರಾಶಿಗಂತೂ ಎಸೀಲೇಬೇಡಿ, ಬಾಂಬ್ ಸಿಡಿದಂಗೆ ಸಿಡಿಯುತ್ತೆ. ಆಮೇಲೆ ಡ್ರಿಲ್ ತಗೊಂಡು, ಕ್ಯಾನೆಲ್ಲ ಮನೆಯೊಳಗೆ ಸಾಗಿಸಿ, ಅಂತಸ್ತಿಗೆ ಆರಾರು ತೂತು ಹೊಡೆದೆ.

ಫ್ಯಾಕ್ಟರಿಗಳಲ್ಲಿ ಇಡೋ ಹಳದಿ ಸೇಫ್ಟಿ ಕಪಾಟು ನೋಡಿದೀನಿ, ಎರಡು ಪದರದ ಗೋಡೆ, ಬೆಂಕಿ ತಡೆಯುತ್ತೆ, ಆದ್ರೆ ಅದರ ರೇಟಿಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರೇ ಬರುತ್ತೆ.

ಐದಕ್ಕೆ ಮೂರು ಸ್ಟಾರ್. ಒಂದು ಸ್ಟಾರ್ ಆ ಫೋಟೋಗೆ ಕಟ್, ಇನ್ನೊಂದು ತೂತಿಲ್ಲದ ತಗಡಿಗೆ. ಸ್ಕ್ರೂ ವಿಷಯ ಕ್ಷಮಿಸಿದೀನಿ, ಅವನ್ನ ನಮ್ಮನೆಯವಳು ಕ್ಯಾಲೆಂಡರ್ ಹಾಕೋಕೆ ತಗೊಂಡ್ಲು.