ಟೈರ್ ಡೇಟ್ ನೋಡಿಯೇ ತಗೊಂಡೆ, ಆದರೂ ಮೋಸ ಹೋದೆ

ಹೊಸ ಟೈರ್ ತಗೊಳ್ಳುವಾಗ ಅದು ತಯಾರಾದ ವಾರ, ವರ್ಷ ನೋಡಬೇಕು ಅಂತ ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೆಳೆಯರಿಗೆಲ್ಲ ಈ ಪಾಠ ಹೇಳುತ್ತಿದ್ದವನೇ ನಾನು. ಅಂಗಡಿಯಲ್ಲಿ ಬಗ್ಗಿ ಓದಿದ್ದೂ ಹೌದು. ಆದರೆ ಕಾರಿನ ಒಂದೇ ಬದಿಯ ಟೈರ್ ಓದಿದೆ. ಆ ತಪ್ಪಿಗೆ 48 ಸಾವಿರ ಹೋಯಿತು, ಪಕ್ಕದಲ್ಲಿ ಕೂತಿದ್ದ ಕಾಕಾ ಸ್ವಲ್ಪದರಲ್ಲಿ ಉಳಿದರು.

ನನ್ನದು 2016ರ ಫಿಯಟ್ ಅಬಾರ್ತ್ ಪುಂಟೋ, ಸೆಕೆಂಡ್ ಹ್ಯಾಂಡ್. ನೋಡುವವರಿಗೆ ಮಾಮೂಲಿ ಸಣ್ಣ ಕಾರು. ಬಾನೆಟ್ ಕೆಳಗೆ ಮಾತ್ರ 1.4 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 145 ಬಿಎಚ್‌ಪಿ ಶಕ್ತಿ. "ಇಷ್ಟ್ ಸಣ್ಣ ಗಾಡಿಗೆ ಇಷ್ಟ್ ಸಿಟ್ಟ್ ಯಾಕಪಾ" ಅಂತಾರೆ ಕಾಕಾ. ಟೈರ್ ಸೈಜ್ 195/55 ಆರ್16, ಅಂದರೆ ಅಗಲ 195 ಮಿಲಿಮೀಟರ್, ಪಕ್ಕೆಯ ಎತ್ತರ ಅದರ 55 ಪರ್ಸೆಂಟ್, ರಿಮ್ 16 ಇಂಚು. ನಾನು ಹೋದ ಅಂಗಡಿಯಲ್ಲಿ ಈ ಸೈಜಿನ ಆಯ್ಕೆ ಕಡಿಮೆ ಇತ್ತು. ಮೊದಲ ಎಡವಟ್ಟು ಶುರುವಾಗೋದೇ ಇಲ್ಲಿ. ಇದ್ದದ್ದರಲ್ಲೇ ಆರಿಸಬೇಕು ಅನ್ನೋ ಅವಸರ ಬರುತ್ತದೆ.

2024ರ ಮಾರ್ಚ್. ಹಳೆಯ ಟೈರ್ ಸವೆದು ಗಡಿಯ ಅಂಚಿಗೆ ಬಂದಿದ್ದವು. ಗಡಿ ಅಂದರೆ ಟೈರ್‌ನ ಕಾಲುವೆಗಳ ತಳದಲ್ಲಿ ಇರುವ ಸಣ್ಣ ಉಬ್ಬುಗಳು, 1.6 ಮಿಲಿಮೀಟರ್ ಎತ್ತರ, ಮೇಲ್ಮೈ ಅವಕ್ಕೆ ಸಮವಾದರೆ ಟೈರ್ ಮುಗಿಯಿತು ಅಂತ ಲೆಕ್ಕ. ಬೆಳಗಾವಿಯ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. ಮಾಲೀಕರು ಚಹಾ ತರಿಸಿ ಶುರುಮಾಡಿದರು: "ಸಾಹೇಬ್ರ, ನಿಮ್ಮ ಗಾಡಿಗೆ ಸಾದಾ ಟೈರ್ ಹಾಕಬ್ಯಾಡ್ರಿ. ಇಂಪೋರ್ಟೆಡ್ ಮಾಲ್ ಐತಿ, ಆಲ್ ಸೀಸನ್. ಬ್ಯಾಸಗಿ, ಮಳಿ, ಥಂಡಿ ಎಲ್ಲಾಕ್ಕೂ ನಡೀತೈತಿ."

ಪುರಾವೆಗೆ ಟೈರ್ ಮೇಲಿದ್ದ 'ಎಂ ಪ್ಲಸ್ ಎಸ್' ಗುರುತು ತೋರಿಸಿದರು. "ಎಂ ಅಂದ್ರ ಮಾನ್ಸೂನ್, ಎಸ್ ಅಂದ್ರ ಸಮ್ಮರ್." ಎಷ್ಟು ಚಂದ ಹೊಂದಿತ್ತು ನೋಡಿ! ನಿಜಕ್ಕೂ ಅದು ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ. ಆ ಎರಡು ಅಕ್ಷರ ಹಾಕಲು ಯಾವ ಪರೀಕ್ಷೆಯೂ ಬೇಕಿಲ್ಲ, ಕಂಪನಿಯೇ ಹಾಕಿಕೊಳ್ಳಬಹುದು. ಹಿಮದ ಪರೀಕ್ಷೆ ಪಾಸಾದ ಟೈರ್‌ಗೆ ಬೇರೆ ಗುರುತು ಇದೆ, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹೂವು. ಹಿಮ ಬೀಳುವ ದೇಶಗಳಲ್ಲಿ 'ಆಲ್ ಸೀಸನ್' ಅಂದರೆ ಬೇಸಿಗೆ ಮತ್ತು ಹಿಮ ಎರಡಕ್ಕೂ ಒಂದೇ ಟೈರ್ ಅಂತ. ಚಳಿಯಲ್ಲಿ ಗಡುಸಾಗದ ಹಾಗೆ ಅದರ ರಬ್ಬರ್ ಮಾಡಿರುತ್ತಾರೆ. ಅಂಥದ್ದನ್ನು ತಂದು ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಓಡಿಸಿದರೆ ಬೇಗ ಸವೆಯುತ್ತದೆ ಅಷ್ಟೇ. ನಮಗೆ ಬೇಕಾದ ವರ್ಷಪೂರ್ತಿ ಟೈರ್ ಬೇರೆ: 40 ಡಿಗ್ರಿ ಬಿಸಿಲಿಗೆ ತಾಳಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಹೊರಗೆ ತಳ್ಳಬೇಕು. ಇದೆಲ್ಲ ನಾನು ಓದಿದ್ದು ಆಮೇಲೆ. ಆವತ್ತು ಚಹಾ ಕುಡಿದು ತಲೆ ಆಡಿಸಿದೆ.

ಆದರೂ ಡೇಟ್ ಮರೆಯಲಿಲ್ಲ. ನಾಲ್ಕೂ ಟೈರ್ ಹಾಕಿ ಕಾರನ್ನು ಜ್ಯಾಕ್‌ನಿಂದ ಇಳಿಸಿದ ಮೇಲೆ ಎಡಗಡೆ ಮುಂದಿನದಕ್ಕೆ ಬಗ್ಗಿದೆ. ಉದ್ದದ ಅಂಡಾಕಾರದೊಳಗೆ 4023. ಅಂದರೆ 2023ರ 40ನೇ ವಾರ. ಹಿಂದಿನದೂ ಅದೇ. ಬಲಗಡೆ ಹೋದೆ. ಅಲ್ಲಿ 'ಡಾಟ್' (DOT) ಅಂತ ಶುರುವಾಗುವ ಅಕ್ಷರಗಳಿದ್ದವು, ವಾರ, ವರ್ಷ ಹೇಳುವ ಕೊನೆಯ ನಾಲ್ಕು ಅಂಕಿ ಇರಲಿಲ್ಲ. "ಆ ಕಡೆದು ಒಳಗ ಬಂದೈತ್ರಿ, ಎಲ್ಲಾ ಒಂದ ಲಾಟ್" ಅಂದ ಹುಡುಗ.

ಅವನು ಹೇಳಿದ್ದರಲ್ಲಿ ಅರ್ಧ ನಿಜ, ಅದಕ್ಕೇ ನಂಬಿದೆ. ತುಂಬ ಟೈರ್‌ಗಳಲ್ಲಿ ಡೇಟ್ ಒಂದೇ ಬದಿಗೆ ಇರುತ್ತದೆ. ನನ್ನವು ಬಾಣದ ಗುರುತಿನ ಟೈರ್, ಮೇಲೆ 'ವಿ' ಆಕಾರದ ಗೀರು, ಒಂದೇ ದಿಕ್ಕಿಗೆ ತಿರುಗಬೇಕು. ಅಂಥವನ್ನು ಹಾಕಿದಾಗ ಎಡಗಡೆ ಎರಡರ ಡೇಟ್ ಹೊರಗೆ ಬಂದರೆ ಬಲಗಡೆ ಎರಡರದ್ದು ತಾನಾಗಿಯೇ ಒಳಗೆ ಹೋಗುತ್ತದೆ. ಹಳೆಯ ಮಾಲು ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಹೇಳಿ.

ಇನ್ನೊಂದು ನನ್ನದೇ ತಪ್ಪು. ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀನಿ ಅಂದರು. ಆಗ ಟೈರ್ ಮೇಲೆ ಜಿಎಸ್‌ಟಿ 28 ಪರ್ಸೆಂಟ್ ಇತ್ತು. 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ, ಬಿಲ್ ತಪ್ಪಿಸುವ ಆಸೆಯೂ ಅಷ್ಟು ಇಳಿದಿರಬೇಕು. ನಾನು ಮಾತ್ರ 26 ಸಾವಿರ ಕೊಟ್ಟು, ಬಿಲ್ ಇಲ್ಲದೆ, ಗೆದ್ದವನ ಹಾಗೆ ಬಂದೆ.

ಬೇಸಿಗೆಯಲ್ಲಿ ಯಾವ ತಕರಾರೂ ಇಲ್ಲ. ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಹೋಗಿ ಬಂದೆವು. ಒಣ ರಸ್ತೆಯಲ್ಲಿ ಹಿಡಿತ ಚೆನ್ನಾಗಿಯೇ ಇತ್ತು, ಸ್ವಲ್ಪ ಗುಂಯ್ ಅನ್ನುವ ಸದ್ದು ಅಷ್ಟೇ.

ಜೂನ್‌ನಲ್ಲಿ ಮಳೆ ಹಿಡಿಯಿತು. ಬೆಳಗಾವಿಯ ತಿಲಕವಾಡಿಯಲ್ಲಿ, ಮೂರನೇ ರೈಲ್ವೆ ಗೇಟ್ ಹತ್ತಿರ, ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಮಳೆ ನಿಂತು ರಸ್ತೆ ಒಣಗಿದರೆ ನೇರ. ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಮತ್ತೆ ಎಳೆಯಿತು. ಇನ್ನೊಂದು ಕಡೆ ಹೋಗಿ ಮತ್ತೆ ಮಾಡಿಸಿದೆ. ಬ್ರೇಕ್ ಬಿಚ್ಚಿ ಕ್ಲೀನ್ ಮಾಡಿಸಿದೆ. ಒದ್ದೆಯಲ್ಲಿ ಮಾತ್ರ ಎಳೆಯುತ್ತದೆ ಅಂದರೆ ಟೈರ್ ಮೇಲೆ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಹೊಸ ಟೈರ್, ಡೇಟ್ ಬೇರೆ ನೋಡಿದ್ದೇನೆ!

ಜುಲೈನಲ್ಲಿ ಕಾಕಾನನ್ನು ಕರೆದುಕೊಂಡು ಚೋರ್ಲಾ ಘಾಟ್ ದಾರಿಯಲ್ಲಿ ಪಣಜಿಗೆ ಹೊರಟೆ. ಜಾಂಬೋಟಿ ದಾಟಿದೆವು, ಕಣಕುಂಬಿ ಇನ್ನೂ ಬಂದಿರಲಿಲ್ಲ. ಆ ಕಾಡಿನ ಮಳೆ ಗೊತ್ತಲ್ಲ, ವೈಪರ್ ಫುಲ್ ಸ್ಪೀಡ್‌ನಲ್ಲಿದ್ದರೂ ಗಾಜು ಬೆಳ್ಳಗೆ. ನನ್ನ ವೇಗ 50ರ ಆಸುಪಾಸು, ಜಾಸ್ತಿ ಇರಲಿಲ್ಲ. ತಿರುವು ಮುಗಿದಲ್ಲಿ ರಸ್ತೆ ನಡುವೆ ಎರಡು ಎಮ್ಮೆ. ಬ್ರೇಕ್ ಒತ್ತಿದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಟಕಟ ಅಂತ ಕಾಲಿಗೆ ಬಡಿಯಿತು. ಕಾರಿನ ಮೂತಿ ಎಡಕ್ಕೆ ತಿರುಗಿತು. ಸ್ಟೀರಿಂಗ್ ಬಲಕ್ಕೆ ಕೊಟ್ಟರೂ ಕೇಳಲಿಲ್ಲ. ಎಡಗಡೆ ಮುಂದಿನ ಚಕ್ರ ಗಟಾರದ ಕಲ್ಲಿಗೆ ಹೊಡೆದು ನಿಂತಿತು. ಎಮ್ಮೆಗಳು ಕದಲಲೇ ಇಲ್ಲ. ಕಾಕಾ ನಿದ್ದೆಯಿಂದ ಎದ್ದು ಕೇಳಿದ್ದು ಒಂದೇ: "ಬಂತೇನೋ ಪಣಜಿ?"

ಅಲಾಯ್ ರಿಮ್ ಸೊಟ್ಟ, ಬಂಪರ್ ಒಡೆದಿತ್ತು, ಚಕ್ರ ಹಿಡಿದಿಡುವ ಲೋವರ್ ಆರ್ಮ್ ಬಾಗಿತ್ತು. ಬೆಳಗಾವಿಯ ಉದ್ಯಮಬಾಗದ ಗ್ಯಾರೇಜಿಗೆ ಟೋ ಮಾಡಿಸಿದೆ. ಲಿಫ್ಟ್ ಮೇಲೆ ಏರಿಸಿದ ಮೇಲೆ ಮೇಸ್ತ್ರಿ ಕೆಳಗಿನಿಂದ ಟಾರ್ಚ್ ಬಿಟ್ಟು ಕರೆದ. "ಅಣ್ಣಾ, ಇಲ್ಲಿ ಬರ್ರಿ. ಇದನ್ನ ಓದ್ರಿ." ಬಲಗಡೆ ಟೈರ್‌ನ ಒಳಮೈಯಲ್ಲಿ 3217. ಹಿಂದಿನದರಲ್ಲೂ 3217. 2017ರ ಆಗಸ್ಟ್! ನಾನು ಹೊಸದು ಅಂತ ಹಾಕಿಸಿಕೊಂಡ ದಿನವೇ ಅವಕ್ಕೆ ಆರೂವರೆ ವರ್ಷ.

ಅಲ್ಲೇ ಹತ್ತಿರ ರಬ್ಬರ್ ಪಾರ್ಟ್ ಮಾಡುವ ಕಾರ್ಖಾನೆಯ ಗೆಳೆಯನೊಬ್ಬ ಗಡಸುತನ ಅಳೆಯುವ ಗೇಜ್ ತಂದ. ಗಡಿಯಾರದ ಹಾಗೆ ಮುಳ್ಳು, ಕೆಳಗೊಂದು ಮೊಳೆ, ರಬ್ಬರ್‌ಗೆ ಒತ್ತಿದರೆ ಅಂಕಿ ತೋರಿಸುತ್ತದೆ. ಎಡಗಡೆ 64. ಬಲಗಡೆ 77. ಗೇಜ್ ಇಲ್ಲದಿದ್ದರೂ ಗೊತ್ತಾಗುತ್ತಿತ್ತು. ಎಡಗಡೆ ಉಗುರು ಒತ್ತಿದರೆ ಗುರುತು ಬಿದ್ದು ನಿಧಾನ ಮಾಯ. ಬಲಗಡೆ ಉಗುರು ಜಾರಿತು. ಕಾಲುವೆಯ ತಳದಲ್ಲಿ ಕೂದಲಿನಂಥ ಬಿರುಕುಗಳೂ ಇದ್ದವು.

ರಬ್ಬರ್ ಸುಮ್ನೆ ಇಟ್ಟರೂ ವಯಸ್ಸಾಗುತ್ತದೆ. ಗಾಳಿ, ಶಾಖ ಎರಡೂ ಸೇರಿ ಗಡುಸು ಮಾಡುತ್ತವೆ, ತಗಡಿನ ಗೋಡೌನಿನಲ್ಲಿ ಇನ್ನೂ ಬೇಗ. ಟೈರ್ ಒಳಗೆ ಬಿರುಕು ತಡೆಯುವ ಮೇಣ ಬೆರೆಸಿರುತ್ತಾರೆ, ಅದು ಮೇಲಕ್ಕೆ ಚೆನ್ನಾಗಿ ಬರುವುದು ಟೈರ್ ಓಡಿ ಬಳುಕಿದಾಗ. ಗೋಡೆಗೆ ಒರಗಿ ನಿಂತ ಟೈರ್‌ಗೆ ಆ ಭಾಗ್ಯ ಇಲ್ಲ. ಗಡುಸಾದ ರಬ್ಬರ್ ಒಣ ಡಾಂಬರಿನಲ್ಲಿ ಹೇಗೋ ನಡೆಸುತ್ತದೆ. ಒದ್ದೆಯಾದರೆ ಬಣ್ಣ ಬಯಲು. ಎಡಗಡೆ ಹಿಡಿಯಿತು, ಬಲಗಡೆ ಜಾರಿತು, ಕಾರು ಹಿಡಿತ ಇರುವ ಕಡೆಗೆ ತಿರುಗಿತು. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತ ಎಲ್ಲಿಂದ ತರಬೇಕು?

ಅಂಗಡಿಗೆ ಹೋದೆ. "ಹೊಸಾವ ಅದಾವ್ರಿ, ಯಾರೂ ಓಡಿಸಿಲ್ಲ" ಅಂದರು. ಅದು ಸುಳ್ಳೂ ಅಲ್ಲ ನೋಡಿ. ವಾದ ಮಾಡಿದ್ದಕ್ಕೆ "ಬಿಲ್ ತರ್ರಿ" ಅಂದರು. ಆಮದು ಟೈರ್‌ಗೆ 2020ರ ಜೂನ್‌ನಿಂದ ಸರ್ಕಾರದ ಲೈಸೆನ್ಸ್ ಬೇಕು. ಆಯ್ಕೆ ಕಡಿಮೆ, ಇಂಪೋರ್ಟೆಡ್, ಕಡಿಮೆ ರೇಟು, ಈ ಮೂರೂ ಒಟ್ಟಿಗೆ ಬಂದರೆ ಅದಕ್ಕೂ ಹಿಂದಿನ ಮಾಲೇ ಅಂತ ನಾನೀಗ ಮೊದಲೇ ಅನುಮಾನ ಪಡುತ್ತೇನೆ.

ಈ ಸಲ ಆರಿಸಿದ್ದು ಪೂರ್ತಿ ಮಳೆಗಾಲದ ಲೆಕ್ಕದಲ್ಲಿ. ಸುತ್ತಲೂ ಓಡುವ ಅಗಲವಾದ ಕಾಲುವೆ ಇರುವ, ಇಲ್ಲೇ ತಯಾರಾದ ಟೈರ್. ಸೈಜ್ ಅದೇ, 87 ವಿ. 87 ಅಂದರೆ ಒಂದು ಟೈರ್ ಹೊರುವ ಭಾರ 545 ಕೆಜಿ, ವಿ ಅಂದರೆ 240 ಕಿ.ಮೀ. ವೇಗ. ಆ ವೇಗ ಯಾರಿಗೂ ಬೇಡ, ಆದರೆ ಕಂಪನಿ ಕೊಟ್ಟದ್ದಕ್ಕಿಂತ ಕೆಳಗಿನ ಅಕ್ಷರಕ್ಕೆ ಇಳಿಯಬೇಡಿ. 205 ಅಗಲದ್ದು ಹಾಕಿಸು, ಲುಕ್ ಬರುತ್ತದೆ ಅಂತ ತುಂಬ ಜನ ಹೇಳಿದರು. ಸಣ್ಣ ಹಗುರ ಕಾರಿಗೆ ಅಗಲ ಟೈರ್ ಹಾಕಿದಷ್ಟೂ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. 205/55ರ ಎತ್ತರವೂ 11 ಮಿಲಿಮೀಟರ್ ಜಾಸ್ತಿ, ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ. ಇನ್ನು 1.6ರ ತನಕ ಕಾಯುವುದಿಲ್ಲ. 3 ಮಿಲಿಮೀಟರ್‌ಗೆ ಬಂದರೆ ಮಳೆಗೆ ಮುಂಚೆಯೇ ಬದಲಿ.

ಡೇಟ್ ಮಾತ್ರ ಟೈರ್ ರಿಮ್‌ಗೆ ಏರುವ ಮುಂಚೆ, ನಾಲ್ಕನ್ನೂ ನೆಲದ ಮೇಲೆ ಮಲಗಿಸಿ, ಎರಡೂ ಮೈ ತಿರುಗಿಸಿ ಓದಿ. ಬಿಲ್‌ನಲ್ಲಿ ನಾಲ್ಕರ ನಂಬರೂ ಬರೆಸಿ. ಈಗಾಗಲೇ ಹಾಕಿಸಿದ್ದರೆ ಮುಂದಿನವಕ್ಕೆ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಮೈ ಕಾಣುತ್ತದೆ. ಹಿಂದಿನವಕ್ಕೆ ಮೊಬೈಲ್ ಟಾರ್ಚ್ ಹಾಕಿ, ವಿಡಿಯೋ ಆನ್ ಮಾಡಿ ಕೈ ಒಳಗೆ ತೂರಿಸಿ. ಕಾರು ಸ್ವಲ್ಪ ಸ್ವಲ್ಪ ಮುಂದೆ ತಳ್ಳುತ್ತಾ ಎರಡು ಮೂರು ಸಲ ಮಾಡಿದರೆ ಅಂಕಿ ಸಿಗುತ್ತದೆ.

ಆ ಎರಡು ಬಲಗಡೆ ಟೈರ್‌ಗಳನ್ನು ಗ್ಯಾರೇಜಿನ ಹುಡುಗ ಗುಜರಿಗೆ ಒಯ್ಯುತ್ತೇನೆ ಅಂದ. ಮೇಲ್ಮೈ ಇನ್ನೂ ಫಳಫಳ ಅನ್ನುತ್ತಿತ್ತು, ಯಾರು ನೋಡಿದರೂ ಹೊಸದೇ ಅನ್ನಬೇಕು. ಕರಗಸ ತರಿಸಿ, ಪಕ್ಕದಲ್ಲೇ ನಿಂತು, ಎರಡರ ಪಕ್ಕೆಯನ್ನೂ ಕೊಯ್ಸಿ ಕೊಟ್ಟೆ.