ಕಂಪನಿ ಆ್ಯಪ್ ಕೈಕೊಟ್ಟ ಮೇಲೆ: ನನ್ನ ಹಳೆ 360 ಕ್ಯಾಮೆರಾ ಮತ್ತು ಎಫ್‌ಎಫ್‌ಎಂಪೆಗ್

ಮೆಗಾಪಿಕ್ಸೆಲ್, ಬ್ಯಾಟರಿ, ತೂಕ ಇವನ್ನೆಲ್ಲ ಬಿಡಿ. ಶಿವಮೊಗ್ಗದಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್‌ಗೆ ಸಿಕ್ಕ, ಸುತ್ತಲಿನ ಎಲ್ಲ ದಿಕ್ಕನ್ನೂ ಒಟ್ಟಿಗೆ ಹಿಡಿಯುವ 360 ಕ್ಯಾಮೆರಾ ಇದು. ಹೊಸದು ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಮುಂದೊಂದು ಹಿಂದೊಂದು ತುಂಬಾ ಅಗಲಕ್ಕೆ ಕಾಣುವ ಫಿಶ್‌ಐ ಲೆನ್ಸ್, 4ಕೆ ವಿಡಿಯೋ, ಅಷ್ಟೆ. ತೀರ್ಥಹಳ್ಳಿ ಕಡೆಯ ನಮ್ಮೂರಿನ ಜಡಿಮಳೆಯಲ್ಲೂ ಇವತ್ತಿನವರೆಗೆ ಕೆಟ್ಟಿಲ್ಲ. ಕ್ಯಾಮೆರಾ ಮೇಲೆ ನನಗೆ ದೂರಿಲ್ಲ. ದೂರು ಇರುವುದು ಅದರ ಆ್ಯಪ್ ಮೇಲೆ.

ಕಾರ್ಡಿನಲ್ಲಿ ಸೇವ್ ಆಗುವುದು ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ನೇರವಾಗಿ ವಿಆರ್‌ನಲ್ಲಿ ನೋಡುವ ವಿಡಿಯೋ ಅಲ್ಲ. ಕಪ್ಪು ಕಾವಲಿ ಮೇಲೆ ಅಕ್ಕಪಕ್ಕ ಎರಡು ದೋಸೆ ಹೊಯ್ದ ಹಾಗೆ ಎರಡು ದುಂಡನೆಯ ಚಿತ್ರ ಇರುತ್ತದೆ. ಎರಡನ್ನೂ ಬಿಡಿಸಿ, ಎತ್ತರದ ಎರಡರಷ್ಟು ಅಗಲ ಇರುವ ಒಂದೇ ಚೌಕಟ್ಟಿಗೆ ಕೂರಿಸಬೇಕು. ಭೂಪಟ ಮಾಡುವವರು ಗೋಳವನ್ನು ಚಪ್ಪಟೆ ಮಾಡಲು ಬಳಸುವ ಈಕ್ವಿರೆಕ್ಟ್ಯಾಂಗ್ಯುಲರ್ ಲೆಕ್ಕವೇ ಇಲ್ಲೂ. ಆಮೇಲೆ ಹೆಡ್‌ಸೆಟ್ ಅದನ್ನು ಗೋಳ ಮಾಡಿ ನಮ್ಮ ಸುತ್ತ ನಿಲ್ಲಿಸುತ್ತದೆ.

ಈ ಕೆಲಸಕ್ಕೆಂದು ಕಂಪನಿ ಕೊಟ್ಟ ಆ್ಯಪ್ ನನ್ನ ಹೊಸ ಫೋನಿನಲ್ಲಿ ಇನ್‌ಸ್ಟಾಲೇ ಆಗಲಿಲ್ಲ. ಮೇಲ್ ಮಾಡಿದರೆ, ಈ ಮಾಡೆಲ್‌ಗೆ ಇನ್ನು ಸಪೋರ್ಟ್ ಇಲ್ಲ, ಹೊಸದನ್ನು ನೋಡಿ ಅಂತ ಉತ್ತರ ಬಂತು. ಮನೆಯಲ್ಲಿದ್ದ ಹಳೆ ಫೋನಿನಲ್ಲಿ ಓಡಿತು. ಆದರೆ ಫೋನ್ ಬಿಸಿಯಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಮುಗಿದಾಗಲೂ ಎರಡು ಚಿತ್ರ ಸೇರುವ ಗೆರೆಯಲ್ಲಿ ನಿಂತವರ ಭುಜ ಒಂದು ಕಡೆ, ಕೈ ಒಂದು ಕಡೆ. ಅದನ್ನು ಸರಿಮಾಡಲು ಒಂದು ಬಟನ್ನೂ ಇಲ್ಲ. ಗಟ್ಟಿಮುಟ್ಟಾದ ವಸ್ತುವನ್ನು ಬರೀ ಆ್ಯಪ್ ನಿಲ್ಲಿಸಿ ಕಸ ಮಾಡುವುದು ಅನ್ಯಾಯ. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ನನ್ನನ್ನು ಉಳಿಸಿದ್ದು ವಿಡಿಯೋ ಬದಲಿಸುವ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್. 2020ರಲ್ಲಿ ಬಂದ ಅದರ 4.3 ಆವೃತ್ತಿಯಲ್ಲಿ 360 ವಿಡಿಯೋವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ವಿ360 ಅನ್ನುವ ಫಿಲ್ಟರ್ ಸೇರಿತು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಇಲ್ಲ, ನೆಟ್ ಕೂಡ ಬೇಡ. ಕಂಪ್ಯೂಟರಿನಲ್ಲಿ ಕಮಾಂಡ್ ಬರೆಯುವ ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಬೇಕು: ಬಂದಿರುವುದು ಎರಡು ಫಿಶ್‌ಐ, ಬೇಕಾಗಿರುವುದು ಈಕ್ವಿರೆಕ್ಟ್ಯಾಂಗ್ಯುಲರ್, ಲೆನ್ಸ್ ಕಾಣುವ ಕೋನ ಇಷ್ಟು ಡಿಗ್ರಿ. ಅಷ್ಟೇ ಸಾಕು.

ಆ ಡಿಗ್ರಿಯೇ ಇಡೀ ಕೆಲಸದ ಜೀವಾಳ. ಈ ಕ್ಯಾಮೆರಾದ ಒಂದೊಂದು ಲೆನ್ಸ್ ಕಾಣುವುದು 180 ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಆ ಜಾಸ್ತಿ ಭಾಗ ಇರುವುದರಿಂದಲೇ ಎರಡನ್ನೂ ಸೇರಿಸಲು ಆಗುವುದು. ಅದು ಎಷ್ಟು ಅಂತ ಕಂಪನಿ ಎಲ್ಲೂ ಹೇಳಿಲ್ಲ. ಹಾಗಾಗಿ ನಾನು ಕ್ಯಾಮೆರಾವನ್ನು ಅಡಿಕೆ ತೋಟದಲ್ಲಿ ನಿಲ್ಲಿಸಿ ಹುಡುಕಿದೆ. ಇದಕ್ಕೆ ತೋಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಮರಗಳು ನೆಟ್ಟಗೆ, ಒಂದೇ ಅಳತೆಯ ದೂರದಲ್ಲಿ ಇರುತ್ತವೆ. ಪಕ್ಕದಲ್ಲಿ ದಬ್ಬೆ ಬೇಲಿ ಅಡ್ಡ ಗೆರೆ ಎಳೆದ ಹಾಗೆ ಹೋಗುತ್ತದೆ. 190 ಕೊಟ್ಟರೆ ಎರಡು ಚಿತ್ರ ಸೇರುವ ಗೆರೆಯ ಹತ್ತಿರದ ಮರ ಎರಡಾಗಿ ಕಾಣಿಸಿತು. 200 ಕೊಟ್ಟರೆ ಮರವೇ ಮಾಯ, ಎಡದ ಬೇಲಿ ನೇರ ಬಲದ ಬೇಲಿಗೆ ಬಂದು ಅಂಟಿತು. ಅರ್ಧ ಅರ್ಧ ಡಿಗ್ರಿ ಬದಲಿಸುತ್ತ ಬಂದು 195ರ ಆಸುಪಾಸಿನಲ್ಲಿ ಮರ ಒಂದೇ ಆಯಿತು, ದಬ್ಬೆಯೂ ಸರಿಯಾಗಿ ಕೂತಿತು. ಆ ಒಂದು ಫ್ರೇಮ್ ನೋಡಿದ ಖುಷಿ ಇನ್ನೂ ಹಾಗೇ ಇದೆ.

ಆದರೆ ಆ ಅಳತೆ ಎಲ್ಲ ದೂರಕ್ಕೂ ಸರಿ ಬರುವುದಿಲ್ಲ. ಎರಡು ಲೆನ್ಸುಗಳ ನಡುವೆ ಸ್ವಲ್ಪ ಅಂತರ ಇದೆ. ಹಾಗಾಗಿ ಎಂಟು ಹತ್ತು ಅಡಿಗೆ ಹೊಂದಿಸಿದರೆ ಎರಡು ಅಡಿಯಲ್ಲಿ ಇರುವುದು ತುಂಡಾಗುತ್ತದೆ. ಅದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಗುಣ ಮಾಡುವುದಿಲ್ಲ. ಇದಕ್ಕೆ ಉಪಾಯ ಕ್ಯಾಮೆರಾ ಇಡುವಾಗಲೇ ಮಾಡಬೇಕು. ಮನುಷ್ಯರು ಲೆನ್ಸಿನ ಎದುರಿಗೆ ಬರಲಿ, ಗೆರೆ ಖಾಲಿ ಜಾಗದ ಕಡೆ ಹೋಗಲಿ.

ವಿ360 ಎರಡು ಚಿತ್ರಗಳನ್ನು ಕತ್ತಿಯಲ್ಲಿ ಕೊಯ್ದು ಪಕ್ಕಪಕ್ಕ ಇಡುತ್ತದೆ, ಅಂಚನ್ನು ಬೆರೆಸುವುದಿಲ್ಲ. ಒಂದು ಲೆನ್ಸಿಗೆ ಬಿಸಿಲು, ಇನ್ನೊಂದಕ್ಕೆ ನೆರಳು ಇದ್ದರೆ ಗೆರೆ ಎದ್ದು ಕಾಣುತ್ತದೆ. ಅದಕ್ಕೇ ನಾನು ಎರಡು ವೃತ್ತಗಳನ್ನು ಮೊದಲು ಬೇರೆ ಬೇರೆ ಮಾಡುತ್ತೇನೆ. ಒಂದೊಂದನ್ನೂ ಪ್ರತ್ಯೇಕವಾಗಿ ಬಿಡಿಸುತ್ತೇನೆ, ಹಿಂದಿನ ಲೆನ್ಸನ್ನು 180 ಡಿಗ್ರಿ ತಿರುಗಿಸುತ್ತೇನೆ. ಜಿಂಪ್‌ನಲ್ಲಿ 3840×1920 ಅಳತೆಯ ಒಂದು ಚಿತ್ರ ಮಾಡಿಟ್ಟುಕೊಂಡಿದ್ದೇನೆ (ಜಿಂಪ್ ಅಂದರೆ ಚಿತ್ರ ತಿದ್ದುವ ಸಾಫ್ಟ್‌ವೇರ್). ನಡುವೆ ಬಿಳಿ, ಎರಡೂ ಬದಿ ಕಪ್ಪು, ಎರಡು ಲೆನ್ಸಿನ ಚಿತ್ರ ಸೇರುವ 960 ಮತ್ತು 2880ನೇ ಪಿಕ್ಸೆಲ್ ಹತ್ತಿರ ಬಿಳಿ ನಿಧಾನವಾಗಿ ಕಪ್ಪಾಗುತ್ತದೆ. ಮಾಸ್ಕ್ಡ್‌ಮರ್ಜ್ ಅನ್ನುವ ಇನ್ನೊಂದು ಫಿಲ್ಟರ್ ಆ ಚಿತ್ರ ನೋಡಿಕೊಂಡು ಎರಡನ್ನೂ ಬೆರೆಸುತ್ತದೆ. ಬೆರೆಯುವ ಪಟ್ಟಿ ಅಗಲ ಮಾಡಿದರೆ ಹತ್ತಿರ ಇದ್ದವರು ದೆವ್ವದ ಹಾಗೆ ಎರಡೆರಡು ಕಾಣುತ್ತಾರೆ. ತೀರಾ ಕಿರಿದಾದರೆ ಕೊಯ್ದದ್ದು ಗೊತ್ತಾಗುತ್ತದೆ. ನನಗೆ ಮೂರ್ನಾಲ್ಕು ಡಿಗ್ರಿ ಸರಿ ಅನ್ನಿಸಿದೆ. ಜೊತೆಗೆ ಶೂಟ್ ಮಾಡುವಾಗ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬೆಳಕಿನ ಪ್ರಮಾಣ, ಬಣ್ಣದ ಹದ) ಎರಡನ್ನೂ ಬದಲಾಗದಂತೆ ಲಾಕ್ ಮಾಡುತ್ತೇನೆ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಈಗ ಏನು ತೆಗೆಯಬೇಕು ಅನ್ನುವ ವಿಷಯ. ಎಲ್ಲರ ಹಾಗೆ ನಾನೂ ಮೊದಲು ಜೋಗಕ್ಕೆ ಹೋದೆ. 253 ಮೀಟರ್ ಎತ್ತರದ ಜಲಪಾತ ವಿಆರ್‌ನಲ್ಲಿ ಸಣಕಲಾಗಿ ಕಂಡಿತು. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. 3840 ಪಿಕ್ಸೆಲ್ 360 ಡಿಗ್ರಿಗೆ ಹಂಚಿದರೆ ಡಿಗ್ರಿಗೆ ಹತ್ತು ಹನ್ನೊಂದು ಪಿಕ್ಸೆಲ್ ಬರುತ್ತದೆ. ಹೆಡ್‌ಸೆಟ್‌ನಲ್ಲಿ ಒಮ್ಮೆಗೆ ಸುಮಾರು 90 ಡಿಗ್ರಿ ಕಾಣುತ್ತದೆ ಅಂದರೆ ಬರೀ 960 ಪಿಕ್ಸೆಲ್. ದೂರದ್ದೆಲ್ಲ ಮಸುಕು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋದವರು ಹೊರಗಿಂದ ಇಡೀ ಕಟ್ಟಡ ಹಿಡಿಯಲು ಹೋಗಬೇಡಿ. ಗೋಡೆಯ ಕೆತ್ತನೆಗೆ ನಾಲ್ಕೈದು ಅಡಿ ಹತ್ತಿರ ಇಡಿ. ಹತ್ತಿರ ಇದ್ದದ್ದೇ ಈ ಕ್ಯಾಮೆರಾಕ್ಕೆ ಚೆಂದ.

ಇದು ಪೂರ್ತಿ ಅರ್ಥ ಆಗಿದ್ದು ಯಕ್ಷಗಾನದ ಚೌಕಿಯಲ್ಲಿ. ನಮ್ಮೂರ ಬಯಲಾಟಕ್ಕೆ ಬಂದ ಮೇಳದವರನ್ನು ಕೇಳಿ, ಅವರು ಒಪ್ಪಿದ ಮೇಲೆ ಕ್ಯಾಮೆರಾವನ್ನು ಚೌಕಿಯ ನಡುವೆ ಇಟ್ಟೆ. ವೇಷಧಾರಿಗಳು ಎರಡೂ ಬದಿ ಸಾಲಾಗಿ ಪೆಟ್ಟಿಗೆ ಮುಂದೆ ಕೂತು ಬಣ್ಣ ಹಚ್ಚಿಕೊಳ್ಳುತ್ತಾರೆ. ಒಂದೊಂದು ಸಾಲಿಗೆ ಒಂದೊಂದು ಲೆನ್ಸ್. ಗೆರೆ ಒಂದು ಕಡೆ ಗಣಪತಿ ಪೀಠದ ಕಡೆ, ಇನ್ನೊಂದು ಬಾಗಿಲ ಕಡೆ. ಪೀಠ ದೂರ ಇದ್ದಿದ್ದರಿಂದ ಏನೂ ಮುರಿಯಲಿಲ್ಲ. ಬಾಗಿಲಿಂದ ಚಹಾ ತಂದವನ ತಟ್ಟೆ ಮಾತ್ರ ಅರ್ಧ ಕ್ಷಣ ಎರಡಾಯಿತು. ಬಲ್ಬು ಮಿಣುಕದಂತೆ ಶಟರ್ 1/100 ಸೆಕೆಂಡಿಗೆ ಇಟ್ಟಿದ್ದೆ. ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದಲ್ವಾ, ಅದಕ್ಕೆ. ಕ್ಯಾಮೆರಾ ಎತ್ತರ ಕೂತವರ ಕಣ್ಣಿನ ಮಟ್ಟಕ್ಕೆ.

ನಮ್ಮ ದೊಡ್ಡಪ್ಪ ಹಿಂದೆ ಹವ್ಯಾಸಿ ತಂಡದಲ್ಲಿ ವೇಷ ಮಾಡುತ್ತಿದ್ದವರು. ಈಗ ಮಂಡಿ ನೋವು, ರಾತ್ರಿ ಆಟಕ್ಕೆ ಹೋಗಲಾರರು. ಸ್ನೇಹಿತನ ಹೆಡ್‌ಸೆಟ್ ತಂದು ಜಗಲಿಯಲ್ಲಿ ಅವರಿಗೆ ಹಾಕಿಸಿದೆ. ಮೊದಲು ಸುಮ್ನೆ ಕೂತಿದ್ದರು. ಆಮೇಲೆ ಎಡಕ್ಕೆ ತಿರುಗಿದರು, ಹಿಂದಕ್ಕೆ ತಿರುಗಿದರು. ‘ಆ ಮೂರನೆಯವನ ಮುಂಡಾಸು ಸಡಿಲ ಆಗಿದೆ ಮಾರಾಯ, ಇನ್ನೊಂದು ಸುತ್ತು ಎಳಿಬೇಕಿತ್ತು’ ಅಂದರು. ಕೈ ಎತ್ತಿ ತೋರಿಸಿದ್ದು ಸರಿಯಾಗಿ ಆ ವೇಷಧಾರಿ ಇದ್ದ ದಿಕ್ಕಿಗೇ. ಆ್ಯಪ್ ಮೇಲಿದ್ದ ನನ್ನ ಸಿಟ್ಟು ಅವತ್ತು ಅರ್ಧ ಇಳಿಯಿತು. ಆ್ಯಪ್ ಸರಿ ಇದ್ದಿದ್ದರೆ ನಾನು ಇಷ್ಟು ಕಲಿಯುತ್ತಿರಲಿಲ್ಲ.

ಅವರಿಗೆ ತಲೆ ಸುತ್ತದೇ ಇದ್ದದ್ದಕ್ಕೂ ಕಾರಣ ಇದೆ. ಕ್ಯಾಮೆರಾ ಅಲ್ಲಾಡಿರಲಿಲ್ಲ. ಕಣ್ಣಿಗೆ ಚಲಿಸಿದ ಹಾಗೆ ಕಂಡು ಮೈ ಕೂತಲ್ಲೇ ಇದ್ದರೆ ವಾಕರಿಕೆ ಬರುತ್ತದೆ. ನೆಲ ಓರೆಯಾಗಿದ್ದರೂ ಹಿಂಸೆಯೇ. ವಿ360ರಲ್ಲಿ ಪಿಚ್ (ಮುಂದೆ ಹಿಂದೆ ಬಾಗುವುದು), ರೋಲ್ (ಪಕ್ಕಕ್ಕೆ ವಾಲುವುದು) ಅಂತ ಎರಡು ಅಂಕಿ ಇವೆ. ಅವನ್ನು ತಿದ್ದಿ ದಿಗಂತ ಮಟ್ಟ ಮಾಡುವುದನ್ನು ನಾನು ಯಾವತ್ತೂ ಬಿಡುವುದಿಲ್ಲ. ನಡೆದುಕೊಂಡು ತೆಗೆದ ವಿಡಿಯೋ ಇದ್ದರೆ ಮಾತ್ರ ಈ ಫಿಲ್ಟರ್‌ನಿಂದ ಪ್ರಯೋಜನ ಇಲ್ಲ, ಅದು ಅಲುಗಾಟ ಸರಿಮಾಡುವುದಿಲ್ಲ.

ಇನ್ನೊಂದು ಕೊರತೆ ಸಮಯ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಡೆಸ್ಕ್‌ಟಾಪಿಗೆ ಇದು ರಾತ್ರಿ ಪೂರ್ತಿ ಕೆಲಸ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ಲ. ಎಂಪಿ4 ಫೈಲಿನ ಸೂಚಿ ಕೊನೆಯಲ್ಲಿ ಬರೆಯಲ್ಪಡುವುದರಿಂದ ನಡುವೆ ಕರೆಂಟ್ ಹೋದರೆ ಇಡೀ ಫೈಲ್ ಹಾಳು. ಅದಕ್ಕೆ ಎಂಕೆವಿ ಅನ್ನುವ ಇನ್ನೊಂದು ಬಗೆಯ ಫೈಲಿಗೆ ಬರೆಸಿ. ಹೋದರೂ ಆವರೆಗಿನದು ಉಳಿಯುತ್ತದೆ. ಬೆಳಿಗ್ಗೆ ಮತ್ತೆ ಎನ್‌ಕೋಡ್ ಮಾಡದೆ ಎಂಪಿ4ಗೆ ಕಾಪಿ ಮಾಡಿಕೊಳ್ಳಬಹುದು. ಕೊನೆಗೆ ಗೂಗಲ್‌ನ ಸ್ಪೇಷಿಯಲ್ ಮೀಡಿಯಾ ಮೆಟಾಡೇಟಾ ಇಂಜೆಕ್ಟರ್‌ನಲ್ಲಿ ಹಾಕಿ ಇದು ಗೋಳದ ವಿಡಿಯೋ ಅಂತ ಗುರುತು ಒತ್ತಿಸಬೇಕು. ಇಲ್ಲದಿದ್ದರೆ ಯೂಟ್ಯೂಬ್ ಅದನ್ನು ಚಪ್ಪಟೆಯಾಗಿಯೇ ತೋರಿಸುತ್ತದೆ.

ಲೆನ್ಸ್ ಆರೈಕೆ ಬಗ್ಗೆ ಒಂದು ಮಾತು. ಫಿಶ್‌ಐ ಲೆನ್ಸ್ ಉಬ್ಬಿಕೊಂಡಿರುತ್ತದೆ, ಎಲ್ಲಿಟ್ಟರೂ ಗೀರು ಬೀಳುತ್ತದೆ. ಬಳಸಿ ಬಂದ ಕೂಡಲೇ ಗಾಳಿ ಊದುವ ಪಂಪಿನಲ್ಲಿ ಧೂಳು ಹಾರಿಸಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಎರಡನ್ನೂ ಹಗುರವಾಗಿ ಒರೆಸುತ್ತೇನೆ. ಆಮೇಲೆ ಸಿಲಿಕಾ ಜೆಲ್ ಹಾಕಿದ, ಬಿಗಿ ಮುಚ್ಚಳದ ಡಬ್ಬಿಯೊಳಗೆ. ಈ ಕೆಲಸ ನನಗೆ ಇಷ್ಟ. ಮಲೆನಾಡಿನ ತೇವಕ್ಕೆ ಲೆನ್ಸಿನಲ್ಲಿ ಬೂಷ್ಟು ಹಿಡಿಯುವುದು ತಡ ಆಗುವುದಿಲ್ಲ. ಹಿಡಿದ ಮೇಲೆ ಬಿಡಿಸುವುದು ಕಷ್ಟ.

ಫೋನಿನಲ್ಲೇ ಎಲ್ಲ ಮುಗಿಯಬೇಕು ಅನ್ನುವವರು ಇಂಥ ಹಳೆ ಕ್ಯಾಮೆರಾ ಮುಟ್ಟಬೇಡಿ. ಕಂಪ್ಯೂಟರ್ ಇದೆ, ಒಂದು ಸಾಲು ಟೈಪ್ ಮಾಡಲು ಬೇಜಾರಿಲ್ಲ ಅನ್ನುವವರು ಧೈರ್ಯವಾಗಿ ತಗೊಳ್ಳಿ. ತಗೊಳ್ಳುವ ಮೊದಲು ಎರಡೂ ಲೆನ್ಸನ್ನು ಟಾರ್ಚ್ ಬೆಳಕಿನಲ್ಲಿ ನೋಡಿ, ಬ್ಯಾಟರಿ ಉಬ್ಬಿದೆಯಾ ನೋಡಿ. ಕಾರ್ಡಿನಲ್ಲಿರುವ ಮೂಲ ಫೈಲನ್ನು ಆ್ಯಪ್ ಇಲ್ಲದೆ ಕಂಪ್ಯೂಟರಿಗೆ ಕಾಪಿ ಮಾಡಿ, ಎರಡೂ ವೃತ್ತ ಪೂರ್ತಿ ಕಾಣುತ್ತವೆಯಾ ಅಂತ ಅಲ್ಲೇ ಪರೀಕ್ಷೆ ಮಾಡಿ. ಅಷ್ಟಿದ್ದರೆ ದುಡ್ಡು ಕೊಡಿ.