ಸಬ್‌ವೂಫರ್ ಹಾಕಿಸುವವರು ಮೊದಲು ಬಾನೆಟ್ ಎತ್ತಿ ಫ್ಯೂಸ್ ನೋಡಿ

ಏಪ್ರಿಲ್ ತಿಂಗಳು. ವಿಜಯಪುರದಿಂದ ಬಾಗಲಕೋಟೆಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅವ್ವ, ಇಬ್ಬರು ಮಕ್ಕಳು. ಕೊಲ್ಹಾರದಲ್ಲಿ ಗಡಿಗೆ ಮೊಸರು ಕಟ್ಟಿಸಿಕೊಂಡು ಕೃಷ್ಣಾ ಸೇತುವೆ ಕಡೆ ಹೊರಟಿದ್ದೇ ತಡ, ರಬ್ಬರ್ ಸುಟ್ಟ ವಾಸನೆ. ಮುಂದಿನ ಲಾರಿಯದ್ದಿರಬೇಕು ಅಂದುಕೊಂಡೆ. ಅಷ್ಟರಲ್ಲಿ ನನ್ನ ಎಡಗಾಲಿನ ಹತ್ತಿರ, ಕ್ಲಚ್ ಪಕ್ಕದಿಂದಲೇ ಹೊಗೆ ಬಂತು.

ಎಲ್ಲರನ್ನೂ ಇಳಿಸಿ ಬಾನೆಟ್ ಎತ್ತಿದೆ. ಹಿಂದೆ ಬಂದ ಲಾರಿಯ ಡ್ರೈವರ್ ಕಾಕಾ ಹತ್ತರ ಪಾನಾ ಹಿಡಿದು ಓಡಿ ಬಂದರು. ನಾನು ಬ್ಯಾಟರಿಯ ಪ್ಲಸ್‌ಗೆ ಕೈ ಹಾಕಿದ್ದೆ. “ಅದಲ್ಲೋ ತಮ್ಮಾ, ಮೈನಸ್ ಬಿಚ್ಚು ಮೊದಲ!” ಅಂದರು. ಪ್ಲಸ್ ಬಿಚ್ಚುವಾಗ ಪಾನಾ ಗಾಡಿಯ ಲೋಹದ ಬಾಡಿಗೆ ತಾಗಿದರೆ ಅಲ್ಲೇ ಇನ್ನೊಂದು ಶಾರ್ಟ್ ಆಗುತ್ತದೆ. ಮೈನಸ್ ತೆಗೆದ ಮೇಲೆಯೇ ಹೊಗೆ ನಿಂತದ್ದು.

ಕಾರಣ, ಎರಡು ತಿಂಗಳ ಹಿಂದೆ ಹಾಕಿಸಿದ್ದ 12 ಇಂಚಿನ ಸಬ್‌ವೂಫರ್, ಅಂದರೆ ಬಾಸ್‌ಗೆಂದೇ ಇರುವ ದೊಡ್ಡ ಸ್ಪೀಕರ್. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 2000 ವಾಟ್ ಅಂತಿತ್ತು. ಕೆಳಗೆ ಸಣ್ಣಕ್ಷರದಲ್ಲಿ ಆರ್‌ಎಮ್‌ಎಸ್ (ಸತತವಾಗಿ ತಡೆದುಕೊಳ್ಳುವ ಪವರ್) 300. ನಿಜವಾದ ಲೆಕ್ಕ ಆ ಸಣ್ಣಕ್ಷರದ್ದು. ಅಂಗಡಿಯಲ್ಲಿ ನಾನು ನೋಡಿದ್ದು ಬಾಸ್ ಒಂದನ್ನೇ. ಸೀಟು ನಡುಗಿದರೆ ಸಾಕು ಅನ್ನುವ ಹುಚ್ಚು.

ಬ್ಯಾಟರಿಯಿಂದ ಡಿಕ್ಕಿಯ ಆಂಪ್ಲಿಫೈಯರ್, ಅಂದರೆ ಆಂಪ್‌ವರೆಗೆ ನಾಲ್ಕೈದು ಮೀಟರ್ ವಾಯರ್ ಎಳೆದಿದ್ದರು. ಇಂಜಿನ್ ಹಿಂದಿನ ತಗಡಿಗೆ ತೂತು ಹೊಡೆದು, ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ (ಗ್ರಾಮೆಟ್) ಹಾಕದೆ ಹಾಗೇ ತೂರಿಸಿದ್ದರು. ಗಾಡಿ ಅಲುಗಾಡಿದಂತೆಲ್ಲ ತಗಡಿನ ಅಂಚು ವಾಯರ್ ಮೇಲಿನ ಪ್ಲಾಸ್ಟಿಕ್ಕನ್ನು ಗರಗಸದಂತೆ ಕೊರೆದಿದೆ. ಬ್ಯಾಟರಿ ಪಕ್ಕ ಫ್ಯೂಸ್ ಬೇಡವಾ ಅಂತ ಆವತ್ತೇ ಕೇಳಿದ್ದೆ. “ಆಂಪ್ ಮ್ಯಾಲೆ ಐತಲ್ರಿ ಸರ್, ಎರಡೆರಡು ಯಾಕ?” ಅಂದ ಅಂಗಡಿಯವ. ನಾನೂ ಹೌದಲ್ವಾ ಅಂದುಕೊಂಡೆ.

ಮೋಸ ಹೋಗಿದ್ದೇ ಇಲ್ಲಿ. ಆಂಪ್ ಮೇಲಿನ ಫ್ಯೂಸ್ ಕಾಯುವುದು ಆಂಪನ್ನು ಮಾತ್ರ. ನಡುದಾರಿಯಲ್ಲಿ ವಾಯರ್ ಗಾಡಿಯ ಬಾಡಿಗೆ ತಾಗಿದರೆ ಕರೆಂಟ್ ಆಂಪ್‌ವರೆಗೆ ಹೋಗುವುದೇ ಇಲ್ಲ. ಬ್ಯಾಟರಿ ಕೊಡಬಲ್ಲ ನೂರಾರು ಆಂಪಿಯರ್ ಕರೆಂಟ್ ಅಲ್ಲೇ ಹರಿದು ವಾಯರ್ ಹೀಟರ್ ಕಾಯಿಲ್ ಆಗುತ್ತದೆ. ಅದಕ್ಕೇ ಬ್ಯಾಟರಿಯಿಂದ 18 ಇಂಚಿನೊಳಗೆ, ವಾಯರ್ ತಗಡಿನೊಳಗೆ ಹೋಗುವ ಮೊದಲೇ, ಫ್ಯೂಸ್ ಇರಬೇಕು.

ಬಾಗಲಕೋಟೆಯ ಎಲೆಕ್ಟ್ರಿಷಿಯನ್ ಸುಟ್ಟ ವಾಯರ್ ಎಳೆದು ತೆಗೆದ. ಕಾರ್ಪೆಟ್ಟೂ ಅಂಟಿಕೊಂಡೇ ಬಂತು. ಬೆರಳಿನಷ್ಟು ದಪ್ಪದ ವಾಯರ್, ಕತ್ತರಿಸಿದರೆ ಮುಕ್ಕಾಲು ಪಾಲು ಪ್ಲಾಸ್ಟಿಕ್! ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ತೋರಿಸಿದ. ಮೇಲೆ ಕೆಂಪು, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂಗೆ ತಾಮ್ರದ ಲೇಪ, ಅಷ್ಟೇ. ನೀವೂ ಹಾಕಿಸುವ ಮೊದಲು ಕೆರೆದು ನೋಡಿ, ಅಂಗಡಿಯವರು ಮುಖ ಸಿಂಡರಿಸಲಿ ಪರವಾಗಿಲ್ಲ.

ಸೂಚನೆಗಳು ಮೊದಲೇ ಇದ್ದವು. ಎರಡು ಸಲ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಿರಲಿಲ್ಲ. ಆಂಪನ್ನು ಆನ್-ಆಫ್ ಮಾಡುವ ರಿಮೋಟ್ ವಾಯರನ್ನು ಸ್ಟೀರಿಯೋಗೆ ಕೊಡದೆ ನೇರ ಬ್ಯಾಟರಿ ಲೈನಿಗೆ ಕೊಟ್ಟಿದ್ದರು, ಹಾಗಾಗಿ ರಾತ್ರಿಯಿಡೀ ಆಂಪ್ ಆನ್. ನಾನು ಸುಮ್ನೆ ಬ್ಯಾಟರಿ ಬೈದು ಹೊಸದು ಹಾಕಿಸಿದೆ. ಆಂಪ್‌ನ ಅರ್ಥ್ (ಮೈನಸ್) ವಾಯರನ್ನು ಗಾಡಿಯ ಬಾಡಿಯ ಬಣ್ಣದ ಮೇಲೆಯೇ ಬಿಗಿದಿದ್ದರು. ಬಣ್ಣ ಕೆರೆದು ಬರೀ ಲೋಹಕ್ಕೆ ಕೊಡಬೇಕು.

ಈಗ ಶುದ್ಧ ತಾಮ್ರದ ಎಂಟು ಗೇಜ್ ದಪ್ಪದ ವಾಯರ್, ಬ್ಯಾಟರಿ ಪಕ್ಕ 40 ಆಂಪಿಯರ್ ಫ್ಯೂಸ್, ತೂತಿಗೆ ಗ್ರಾಮೆಟ್. ಬಾಸ್ ನಡುಕಕ್ಕೆ ಸ್ಕ್ರೂ ಸಡಿಲ ಆಗುವುದರಿಂದ ಎರಡು ತಿಂಗಳಿಗೊಮ್ಮೆ ಬಿಗಿ ಮಾಡುತ್ತೇನೆ.

ಸುಟ್ಟ ತುಂಡು ಹಿಡಿದು ಹಳೆ ಅಂಗಡಿಗೆ ಹೋಗಿದ್ದೆ. ತಿರುಗಿಸಿ ತಿರುಗಿಸಿ ನೋಡಿ ಕೇಳಿದ: “ಆದ್ರೂ ಬಾಸ್ ಚಲೋ ಬರ್ತಿತ್ತಲ್ರಿ ಸರ್?”